ಪದ ಪರಿಚಯ: ಪಡಿಯಚ್ಚು

ಮಗು ತಂದೆಯನ್ನೇ ಹೋತರೆ 'ಅಪ್ಪನ ಪಡಿಯಚ್ಚು' ಎನ್ನುತ್ತೇವೆ. ಪಡಿ ಎಂದರೆ ಸಂಸ್ಕೃತ 'ಪ್ರತಿ'ಯ ತದ್ಭವ. ಪಡಿನೆರಳು, ಪಡಿದನಿಗಳಲ್ಲಿರುವುದೂ ಅದೇ. (ನ್ಯಾಯಬೆಲೆ ಅಂಗಡಿಯ ಪಡಿ ಬೇರೆ!) ಅಚ್ಚು ಎಂದರೆ ಎರಕದ, ಬೆಲ್ಲದ ಅಚ್ಚು. ಅಚ್ಚಿನಿಂದ ಎದ್ದ ಪ್ರತಿರೂಪವೇ ಪಡಿಯಚ್ಚು.

ಕಲ್ಲಿನಲ್ಲಿ ಪಡಿಯಚ್ಚು ಕಾಣಬೇಕೆಂದರೆ, ತರೀಕೆರೆ ಬಳಿಯ ಅಮೃತಾಪುರಕ್ಕೆ ಹೋದವರು ಅಮೃತೇಶ್ವರ ಗುಡಿಯ ಶಿಖರವನ್ನು ನಿಧಾನವಾಗಿ ನೋಡಬೇಕು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಕೀರ್ತಿಮುಖಗಳ ನಡುವೆ ಶಿಖರದ ಮೈತುಂಬ ಪುಟ್ಟ ಪುಟ್ಟ ಗೋಪುರಗಳು. ದೊಡ್ಡ ಗುಡಿ ಚಿಕ್ಕ ಗುಡಿಗಳನ್ನೇ ಹೊತ್ತು ನಿಂತಿದೆ. ಬಳಪದ ಕಲ್ಲಾದ್ದರಿಂದ ಬೆರಳಗಲದ ಅಂಚೂ ಸ್ಪಷ್ಟ. ಈ ಪುಟ್ಟ ಗೋಪುರಗಳನ್ನು ಪಡಿಯಚ್ಚು ಎನ್ನಲು ನನಗೆ ಅಳುಕಿಲ್ಲ, ಅಳತೆ ಕಿರಿದಾದರೂ.

ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಕೆಲವೊಮ್ಮೆ ಎಲ್ಲಕ್ಕೂ 'ಮಾದರಿ' ಎಂದೇ ಬರೆಯುವುದುಂಟು. ಕಟ್ಟುವ ಮುನ್ನ ಮಾಡಿ ನೋಡುವುದು ಮಾದರಿ; ಮೊದಲಿಗೆ ಮಾಡಿ ಪರೀಕ್ಷಿಸುವ ಯಂತ್ರ ಮೂಲಮಾದರಿ; ಆದದ್ದನ್ನು ನೋಡಿ ಮತ್ತೆ ಮಾಡಿದ್ದು ಪಡಿಯಚ್ಚು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ 1903ರ ವಿಮಾನವನ್ನು ನಿಜ ಗಾತ್ರದಲ್ಲೇ ಮರುನಿರ್ಮಿಸಿ ಇಟ್ಟಿದ್ದಾರೆ. ಅದಕ್ಕೆ 'ಪ್ರತಿಕೃತಿ'ಗಿಂತ ಪಡಿಯಚ್ಚು ಎಂಬ ಫಲಕವೇ ಚೆನ್ನ. ಕಡೂರಿನಿಂದ ಶಾಲಾ ಪ್ರವಾಸ ಬಂದ ಮಕ್ಕಳಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.