24ರಿಂದ 110ಕ್ಕೆ: ಬೋಗಿಯ ಬೆಳಕಿನ ಚರಿತ್ರೆ

ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು ಉಗಿ ಎಂಜಿನ್. 1924ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಗೆಂದು ಹುಟ್ಟಿದ ಈ ಕಾರ್ಖಾನೆ ಸ್ವಾತಂತ್ರ್ಯದ ನಂತರ ದಕ್ಷಿಣ ರೈಲ್ವೆಯ ಪಾಲಾಯಿತು, 2003ರಲ್ಲಿ ನೈಋತ್ಯ ರೈಲ್ವೆ ರಚನೆಯಾದ ಮೇಲೆ ಅದರ ಕೈಸೇರಿತು. ಈ ನಡುವೆ ಉಗಿ ಹೋಯಿತು, ಮೀಟರ್ ಗೇಜೂ ಹೋಯಿತು. ಉಳಿದದ್ದು ಬೋಗಿಗಳ ಕೆಲಸ. ನಿಗದಿತ ಅವಧಿಗೊಮ್ಮೆ ಬೋಗಿ ಒಳಗೆ ಬರಬೇಕು, ಗಾಲಿಗಳಿಂದ ಅದನ್ನು ಎತ್ತಬೇಕು, ಬಿಚ್ಚಿ ತೊಳೆದು ರಿಪೇರಿ ಮಾಡಿ ಮತ್ತೆ ಹಳಿಗೆ ಬಿಡಬೇಕು. ಆ ಬೋಗಿಯ ಅಡಿಯಲ್ಲಿ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುವ ಒಂದು ಸಣ್ಣ ವ್ಯವಸ್ಥೆ ತೂಗಾಡುತ್ತಿರುತ್ತದೆ. ಒಂದು ಕಾಲಕ್ಕೆ ಅದು 24 ವೋಲ್ಟಿನದು, ಆಮೇಲೆ 110ರದು. ಹಳೆಯ ಟ್ರ್ಯಾಕ್ಟರಿನ 6 ವೋಲ್ಟನ್ನು 12ಕ್ಕೆ ಏರಿಸುವ ಮೆಕ್ಯಾನಿಕ್ ಡೈನಮೊ ಕಳಚಿ ಆಲ್ಟರ್ನೇಟರ್ ಕೂರಿಸಿ ಬಲ್ಬುಗಳನ್ನೆಲ್ಲ ಬದಲಿಸುತ್ತಾನಲ್ಲ, ಅದೇ ಕೆಲಸ ದೇಶದ ಸಾವಿರಾರು ಬೋಗಿಗಳಿಗೂ ಆಯಿತು. ಇದನ್ನು ಬರೀ ತಾಂತ್ರಿಕ ಸುಧಾರಣೆ ಎಂದು ಓದುವುದು ರೂಢಿ. ಕೆಳದರ್ಜೆಯ ಪ್ರಯಾಣಿಕನಿಗೂ ಗಾಳಿ ಬೆಳಕು ಸಲ್ಲಬೇಕು ಎಂಬ ತೀರ್ಮಾನದ ಬೆಲೆಯಾಗಿ ವೋಲ್ಟೇಜ್ ಏರಿತು ಎಂಬುದು ನನ್ನ ವಾದ.

ಮೊದಲಿಗೆ 24 ವೋಲ್ಟಿಗೆ ನ್ಯಾಯ ಸಲ್ಲಿಸಬೇಕು. ಎಣ್ಣೆದೀಪ ಮತ್ತು ಗ್ಯಾಸ್ ದೀಪಗಳ ಕಾಲದಲ್ಲಿ, 1890ರ ದಶಕದ ನಡುವೆ, ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿದ್ದ ಜೆ. ಸ್ಟೋನ್ ಕಂಪನಿ ಅಚ್ಚಿನಿಂದ ಬೆಲ್ಟ್ ಎಳೆದು ಡೈನಮೊ ತಿರುಗಿಸುವ ವ್ಯವಸ್ಥೆಯನ್ನು ರೂಪಿಸಿತು. ಭಾರತದ ರೈಲುಗಳಲ್ಲಿ ಬಹುಕಾಲ ಬಾಳಿದ್ದು ಇದೇ ಪದ್ಧತಿ. ರೈಲಿನ ವೇಗ ಹೆಚ್ಚುಕಡಿಮೆಯಾದರೂ ದೀಪ ಒಂದೇ ಸಮ ಉರಿಯುವುದು ಹೇಗೆ? ಸ್ಟೋನ್ ಕಂಪನಿ ಡೈನಮೊವನ್ನು ಬಿಗಿಯಾಗಿ ಕೂರಿಸದೆ ಒಂದು ಮೂಲೆಯಿಂದ ನೇತುಹಾಕಿತು. ವೇಗ ಮಿತಿ ಮೀರಿದೊಡನೆ ಡೈನಮೊ ಅಚ್ಚಿನ ಕಡೆಗೆ ವಾಲುತ್ತದೆ, ಬೆಲ್ಟ್ ಸಡಿಲಗೊಂಡು ಜಾರುತ್ತದೆ, ಡೈನಮೊದ ವೇಗ ಅಲ್ಲಿಗೇ ನಿಲ್ಲುತ್ತದೆ. ಬೇರೆ ಯಂತ್ರಗಳಲ್ಲಿ ದೋಷವೆನಿಸುವ ಜಾರುವಿಕೆಯೇ ಇಲ್ಲಿ ನಿಯಂತ್ರಕ! ಬ್ಯಾಟರಿಗೆ 12 ಸೆಲ್ ಇದ್ದರೆ ಸಾಕು. ಡಿಸ್ಟಿಲ್ಡ್ ವಾಟರ್ ಹುಯ್ಯುವವನು ಮುಚ್ಚಳ ತೆಗೆಯಬೇಕಾದದ್ದೂ ಅಷ್ಟೇ. ಕಡಿಮೆ ವೋಲ್ಟಿನ ಬಲ್ಬಿನ ತಂತಿ ದಪ್ಪ, ಹಾಗಾಗಿ ಹಳಿಯ ಕುಲುಕಾಟಕ್ಕೆ ಬೇಗ ಕಡಿಯದು. ಮಳೆಯಲ್ಲಿ ನೆನೆದ ಕೈ ಸ್ವಿಚ್ಚಿಗೆ ತಗುಲಿದರೂ ಅಪಾಯವಿಲ್ಲ. ಬೋಗಿಗೆ ಕೆಲವೇ ದೀಪ ಸಾಕು ಎಂದಿದ್ದ ಕಾಲಕ್ಕೆ ಇದಕ್ಕಿಂತ ವಿವೇಕದ ಏರ್ಪಾಡು ಬೇರೊಂದಿರಲಿಲ್ಲ. ಅದನ್ನು ಹಿಂದುಳಿದ ತಂತ್ರಜ್ಞಾನ ಎಂದು ಕರೆಯುವವರು ಲೆಕ್ಕ ಹಾಕದೆ ಮಾತಾಡುತ್ತಾರೆ.

ಲೆಕ್ಕ ತಪ್ಪಿದ್ದು ಬೋಗಿಯ ಬೇಡಿಕೆ ಬದಲಾದಾಗ. ಗಾಂಧೀಜಿ 1917ರಲ್ಲಿ ಮೂರನೇ ದರ್ಜೆಯ ಪ್ರಯಾಣದ ಸಂಕಟವನ್ನು ಬರೆದಾಗ ಅವರ ದೂರು ಕೊಳಕು ಮತ್ತು ನೂಕುನುಗ್ಗಲಿನದು. ಫ್ಯಾನ್ ಕೇಳುವ ಮಾತು ಇನ್ನೂ ದೂರವಿತ್ತು. ಸ್ವಾತಂತ್ರ್ಯ ಬಂದ ಮೇಲೆ ಮೂರನೇ ದರ್ಜೆಯ ಬೋಗಿಗಳಿಗೂ ಫ್ಯಾನ್‌ಗಳು ಬಂದವು. 1974ರಲ್ಲಿ ಆ ದರ್ಜೆಯ ಹೆಸರೇ ಹೋಯಿತು. ಮುಂದೆ ಟ್ಯೂಬ್‌ಲೈಟ್, ಪ್ರತಿ ವಿಭಾಗಕ್ಕೂ ಎರಡು ಮೂರು ಫ್ಯಾನ್. ಇಷ್ಟನ್ನೂ ಹೊರಲು ಬ್ರಾಡ್‌ಗೇಜಿನ ಸಾಮಾನ್ಯ ಬೋಗಿಗೆ ಕೂರಿಸಿದ ಆಲ್ಟರ್ನೇಟರಿನ ಶಕ್ತಿ 4.5 ಕಿಲೋವಾಟ್. ಅದೇ ಶಕ್ತಿಯನ್ನು 24 ವೋಲ್ಟಿನಲ್ಲಿ ಹರಿಸಬೇಕಾದರೆ 187.5 ಆಂಪಿಯರ್ ಬೇಕು. 110ರ ಪದ್ಧತಿಯಲ್ಲಿ ಆಲ್ಟರ್ನೇಟರ್ ಕೊಡುವ 120 ವೋಲ್ಟಿನಲ್ಲಾದರೆ 37.5 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಅದೇ ದಪ್ಪದ ತಂತಿಯಲ್ಲಿ 24ರಿಂದ 110ಕ್ಕೆ ಏರಿದರೆ ನಷ್ಟ ಸುಮಾರು 21 ಪಟ್ಟು ತಗ್ಗುತ್ತದೆ. ಬೋಗಿಯ ಈ ತುದಿಯ ಫ್ಯಾನ್ ಜೋರಾಗಿ, ಆ ತುದಿಯದು ಸೋಮಾರಿಯಾಗಿ ತಿರುಗುವುದನ್ನು ತಪ್ಪಿಸಲು ಬೇರೆ ದಾರಿಯೇ ಇರಲಿಲ್ಲ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಹವಾನಿಯಂತ್ರಿತ ಬೋಗಿಗಳಲ್ಲಿ 110 ವೋಲ್ಟ್ ಮೊದಲೇ ಇತ್ತು; ಅಂದಮೇಲೆ ಇದು ಉಳ್ಳವರ ಸೌಕರ್ಯದಿಂದ ಹುಟ್ಟಿದ್ದಲ್ಲವೇ? ಹುಟ್ಟಿದ್ದು ಅಲ್ಲಿಯೇ ಇರಬಹುದು. ಆದರೆ ಆ ಬೋಗಿಗಳ ಸಂಖ್ಯೆ ಎಷ್ಟು? ಅವುಗಳ ಮಟ್ಟಿಗೇ ನಿಂತಿದ್ದರೆ ಎರಡು ಪದ್ಧತಿಗಳನ್ನು ಪಕ್ಕಪಕ್ಕದಲ್ಲಿ ನಡೆಸಿಕೊಂಡು ಹೋಗಬಹುದಿತ್ತು, ರೈಲ್ವೆ ಬಹುಕಾಲ ಮಾಡಿದ್ದೂ ಅದನ್ನೇ. ಸಾಮಾನ್ಯ ಬೋಗಿಯ ಬಲ್ಬು, ಫ್ಯಾನ್, ಫ್ಯೂಸ್, ಬ್ಯಾಟರಿ ಎಲ್ಲವನ್ನೂ ಬದಲಿಸುವ ಖರ್ಚಿಗೆ ಕಾರಣ ಸಾಮಾನ್ಯ ಬೋಗಿಯಲ್ಲೇ ಸಿಗಬೇಕು. ಇನ್ನೊಂದು ವಿವರಣೆ ಕಳ್ಳತನದ್ದು: 110 ವೋಲ್ಟಿನ ಬಲ್ಬು ಮನೆಗಾಗದು, ಅದಕ್ಕೇ ಆ ಸಂಖ್ಯೆ ಎನ್ನುತ್ತಾರೆ. ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಮನೆಯಲ್ಲೂ ಉರಿಯುತ್ತವೆ ಎಂಬುದು ಕಳ್ಳನಿಗೆ ತಿಳಿಯದ ವಿಷಯವೇನಲ್ಲ. ಏರಿಸುವುದೇ ಆದರೆ ಮನೆಯ 230ಕ್ಕೇ ಯಾಕೆ ಏರಿಸಲಿಲ್ಲ ಎಂದರೆ ಉತ್ತರ ಬ್ಯಾಟರಿ ಪೆಟ್ಟಿಗೆಯಲ್ಲಿದೆ. 110 ವೋಲ್ಟಿಗೇ 54 ಸೆಲ್ ಬೇಕು, 230ಕ್ಕೆ ನೂರು ದಾಟುತ್ತದೆ. ಸಾಲಿನಲ್ಲಿ ಒಂದು ಸೆಲ್ ಕೆಟ್ಟರೂ ಇಡೀ ಸಾಲಿಗೆ ತೊಂದರೆ. ಮೇಲಾಗಿ ನೇರ ವಿದ್ಯುತ್ತಿನಲ್ಲಿ (ಡಿಸಿ) ವೋಲ್ಟ್ ಹೆಚ್ಚಿದಷ್ಟೂ ಸ್ವಿಚ್ಚಿನಲ್ಲಿ ಕಿಡಿ ಹಿಡಿದು ನಿಲ್ಲುತ್ತದೆ.

ಕೆಲಸಗಾರರ ಕಡೆಯಿಂದ ನೋಡಿದರೆ ಬದಲಾವಣೆ ಇನ್ನೂ ಆಳವಾದದ್ದು. ಹಳೆಯ ಡೈನಮೊದ ಜೀವ ಕಮ್ಯುಟೇಟರಿನಲ್ಲಿತ್ತು: ಕಾರ್ಬನ್ ಬ್ರಷ್ ಸವೆಯುತ್ತಿತ್ತು, ಅದರ ಪುಡಿ ಕೂರುತ್ತಿತ್ತು, ತಾಮ್ರವನ್ನು ಲೇತಿನಲ್ಲಿ ನಯಮಾಡಬೇಕಿತ್ತು, ಆರ್ಮೇಚರ್ ಸುತ್ತಬೇಕಿತ್ತು. ಕಮ್ಯುಟೇಟರ್ ಮಾಡುತ್ತಿದ್ದುದನ್ನು ಸಿಲಿಕಾನ್ ಡಯೋಡ್ ವಹಿಸಿಕೊಂಡ ಮೇಲೆ ಇಷ್ಟೂ ಕೆಲಸ ಹೋಯಿತು. ಹೊಸ ಆಲ್ಟರ್ನೇಟರಿನ ತಿರುಗುವ ಭಾಗದಲ್ಲಿ ಸುರುಳಿಯೇ ಇಲ್ಲ, ಬರೀ ಹಲ್ಲುಗಳಿರುವ ಉಕ್ಕು; ಸುರುಳಿಗಳೆಲ್ಲ ಹೊರಗಿನ ಕವಚದಲ್ಲಿ. ಟ್ರ್ಯಾಕ್ಟರಿನಲ್ಲಿ ಮೈಕಬ್ಬಿಣವೇ ಒಂದು ತಂತಿಯ ಕೆಲಸ ಮಾಡುತ್ತದೆ, ಬೋಗಿಯಲ್ಲಿ ಹಾಗಲ್ಲ: ಧನ, ಋಣ ಎರಡೂ ತಂತಿಗಳು ಬೋಗಿಯ ಮೈಗೆ ತಾಗದಂತೆ ಇರಬೇಕು. 24ರಲ್ಲಿ ಕ್ಷಮಿಸಬಹುದಾಗಿದ್ದ ಸಣ್ಣ ಸೋರಿಕೆ 110ರಲ್ಲಿ ಬೆಂಕಿಗೆ ದಾರಿ. ಅಲ್ಲಿಂದ ಮುಂದೆ ಕುಶಲತೆ ಎಂದರೆ ಸುತ್ತುವುದಕ್ಕಿಂತ ಪರೀಕ್ಷಿಸುವುದು ಎಂದಾಯಿತು. ಇಂಥ ಬದಲಾವಣೆ ಅಶೋಕಪುರಂನಂಥ ವರ್ಕ್‌ಶಾಪುಗಳ ಮೂಲಕವೇ ಹಾಯಬೇಕು, ಏಕೆಂದರೆ ಬೋಗಿ ಪೂರಾ ಬಿಚ್ಚಿಕೊಳ್ಳುವುದು ಅಲ್ಲಿ ಮಾತ್ರ. ದಲಿತ ಕುಟುಂಬಗಳೇ ಹೆಚ್ಚಾಗಿರುವ ಅಶೋಕಪುರಂ ಬಡಾವಣೆಯ ಅನೇಕ ಮನೆಗಳಿಗೆ ರೈಲ್ವೆಯ ಸಂಬಳ ಬಂದಿದೆ. ಕಡೆಯ ದರ್ಜೆಯ ಪ್ರಯಾಣಿಕನ ಫ್ಯಾನ್ ತಿರುಗಿಸಿದ ಕೈಗಳು ಯಾರವು ಎಂಬುದನ್ನು ರೈಲ್ವೆಯ ಚರಿತ್ರೆ ಬರೆಯುವವರು ಇನ್ನಾದರೂ ಕೇಳಬೇಕು.

ಈಗ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳಿಗೆ 750 ವೋಲ್ಟಿನ ವಿದ್ಯುತ್ತು ರೈಲಿನ ತುದಿಯ ಜನರೇಟರ್ ಗಾಡಿಯಿಂದ ಅಥವಾ ಎಂಜಿನ್ನಿನಿಂದಲೇ ಬರುತ್ತದೆ. ಅಚ್ಚಿಗೆ ಬೆಲ್ಟಿನ ಹಂಗಿಲ್ಲ. ತುರ್ತು ದೀಪಗಳಂಥ ಕೆಲಸಕ್ಕೆ 110 ವೋಲ್ಟಿನ ಬ್ಯಾಟರಿ ಉಳಿದಿದೆ. ಚೆನ್ನೈನ ಪೆರಂಬೂರಿನ ಕಾರ್ಖಾನೆ 2018ರಲ್ಲಿ ಹಳೆಯ ಮಾದರಿಯ ಬೋಗಿ ಕಟ್ಟುವುದನ್ನೇ ನಿಲ್ಲಿಸಿತು. ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ, ಎಂಜಿನ್ನುಗಳಿಗೆ ಅಲ್ಲಿ ನೆರಳು ಸಿಕ್ಕಿದೆ. ಬೆಲ್ಟ್ ಬಿಗಿದವರ, ಬ್ರಷ್ ಬದಲಿಸಿದವರ ತಿಳಿವಳಿಕೆ ಮಾತ್ರ ಅವರ ನೆನಪಿನಲ್ಲಷ್ಟೇ ಇರುತ್ತದೆ. ನಿವೃತ್ತರಾಗಿರುವ ಆ ಕೆಲಸಗಾರರನ್ನು ಕೂರಿಸಿಕೊಂಡು ಅವರ ಮಾತನ್ನು ಬರೆದಿಡುವ ಕೆಲಸವನ್ನು ಮೈಸೂರಿನ ಚರಿತ್ರೆಯ ವಿದ್ಯಾರ್ಥಿಗಳು ಈ ವರ್ಷವೇ ಕೈಗೆತ್ತಿಕೊಳ್ಳಲಿ.