ಒಂದು ಕೋಣೆಯ ಒಲೆ: ಮುಂಬಯಿಯ ಅಡುಗೆಕಟ್ಟೆಗೆ ಬಂದ ಏರ್ ಫ್ರೈಯರ್

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಂಘಗಳಿಂದ, ರಾತ್ರಿಶಾಲೆಗಳಿಂದ, ಉಡುಪಿ ಹೋಟೆಲುಗಳಿಂದ ತೊಡಗುತ್ತಾರೆ. ಅಡುಗೆಕಟ್ಟೆಯಿಂದ ತೊಡಗಿದರೆ ಅದೇ ಚರಿತ್ರೆಯ ಇನ್ನೊಂದು ಮುಖ ಕಾಣುತ್ತದೆ. ಇಂದು ಆ ಕಟ್ಟೆಯ ಮೂಲೆಯಲ್ಲಿ ಬಂದು ಕುಳಿತಿರುವ ಏರ್ ಫ್ರೈಯರನ್ನು ನಾವು ಈ ದೃಷ್ಟಿಯಿಂದ ನೋಡಬಯಸುತ್ತೇವೆ.

ಊರಿನಿಂದ ಒಂಟಿಯಾಗಿ ಬಂದ ಮೊದಲ ತಲೆಮಾರಿನವರಲ್ಲಿ ಅನೇಕರಿಗೆ ಇಲ್ಲಿ ಸ್ವಂತ ಒಲೆಯೇ ಇರಲಿಲ್ಲ. ಹೋಟೆಲಿನ ಹುಡುಗರ ಊಟ, ನಿದ್ರೆ ಎರಡೂ ಹೋಟೆಲಿನಲ್ಲೇ. ಗಿರಣಿ ಕಾರ್ಮಿಕರ ಊಟ ಖಾನಾವಳಿಯಲ್ಲಿ. 1942ರಲ್ಲಿ ರಾಮ ನಾಯಕರು ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂಥ ಮನೆಯಿಲ್ಲದವರ ಹಸಿವನ್ನೂ ತಣಿಸಿತು. ಹೆಂಡತಿ ಊರಿನಿಂದ ಬಂದ ಮೇಲೆಯೇ ಒಲೆ ಹೊತ್ತಿದ್ದು. ಆ ಒಲೆಗೆ ದೊರೆತ ಜಾಗವಾದರೂ ಎಷ್ಟು? 1920ರ ದಶಕದಲ್ಲಿ ಕಟ್ಟಿದ ಬಿಡಿಡಿ ಚಾಳುಗಳ ಒಂದು ಕೋಣೆ 160 ಚದರ ಅಡಿ. ಅಲ್ಲಿಯೇ ಅಡುಗೆ, ಅಲ್ಲಿಯೇ ಮಕ್ಕಳ ಓದು, ಅಲ್ಲಿಯೇ ಹಾಸಿಗೆ.

ಆದ್ದರಿಂದ ಈ ನಗರದಲ್ಲಿ ಒಲೆ ಬದಲಾದಾಗಲೆಲ್ಲ ರುಚಿಗಿಂತ ಹೆಚ್ಚಾಗಿ ಜಾಗ ಮತ್ತು ಗಾಳಿಯ ಪ್ರಶ್ನೆಯೇ ಮುಂದಿತ್ತು. ಇದ್ದಿಲಿನ ಶೆಗಡಿಯನ್ನು ಹೊಗೆ ಆರುವವರೆಗೆ ಹೊರಗಿನ ಪಡಸಾಲೆಯಲ್ಲಿಟ್ಟು ಒಳತರುತ್ತಿದ್ದರು. ಆಮೇಲೆ ಸೀಮೆಎಣ್ಣೆಯ ಸ್ಟೋವ್ ಬಂತು. ಪಂಪು ಒತ್ತಿ, ಪಿನ್ನು ಚುಚ್ಚಿ ಹೊತ್ತಿಸಿದರೆ ಬುಸುಗುಡುವ ಅದರ ಸದ್ದು ಕೋಣೆಯನ್ನೆಲ್ಲ ತುಂಬುತ್ತಿತ್ತು. 1955ರಲ್ಲಿ ಬರ್ಮಾ ಶೆಲ್ ಕಂಪನಿ ಇಲ್ಲಿ ಸಿಲಿಂಡರಿನ ಅನಿಲವನ್ನು ಮಾರಲಾರಂಭಿಸಿತು. ಅನಿಲ ಮನೆಮನೆಗೆ ತಲುಪಿದಂತೆ, ನೆಲದ ಮೇಲೆ ಕುಳಿತು ಬೇಯಿಸುತ್ತಿದ್ದ ಹೆಂಗಸರು ಕಟ್ಟೆಯ ಮುಂದೆ ಎದ್ದು ನಿಂತರು. ಆದರೂ ಒಂದು ಕಷ್ಟ ಉಳಿಯಿತು: ಉರಿ ಆರದಿರಲೆಂದು ಫ್ಯಾನು ನಿಲ್ಲಿಸಬೇಕು. ಮೇ ತಿಂಗಳ ಸೆಕೆಯಲ್ಲಿ ಒಂದೇ ಕೋಣೆಯ ಮನೆಯವರಿಗೆ ಇದು ದಿನಕ್ಕೆರಡು ಬಾರಿಯ ಶಿಕ್ಷೆ.

ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮುಂದಿಟ್ಟ ಏರ್ ಫ್ರೈಯರ್ ಈ ಸಾಲಿಗೆ ಸೇರುವ ಸಾಧನ. ಹೆಸರು ಕರಿಯುವುದೆಂದಿದ್ದರೂ ನಿಜದಲ್ಲಿ ಅದು ಕಿರಿದಾದ ಓವನ್. ಮೇಲಿನ ಕಾಯಿಲಿನ ಬಿಸಿಯನ್ನು ಒಳಗಿನ ಫ್ಯಾನು ಬುಟ್ಟಿಯ ಸುತ್ತ ರಭಸದಿಂದ ಸುತ್ತಿಸುತ್ತದೆ. ಉರಿಯಿಲ್ಲದ ಕಾರಣ ಕೋಣೆಯ ಫ್ಯಾನು ತಿರುಗುತ್ತಲೇ ಇರಬಹುದು. ಆದರೆ 1400 ವ್ಯಾಟ್ ಯಂತ್ರ 230 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಹಳೆಯ ಕಟ್ಟಡದ ಸಣ್ಣ ಸಾಕೆಟ್ಟಿಗೆ ಅದು ಮಿತಿಯ ಅಂಚು. 16 ಆಂಪಿಯರ್ ಸಾಕೆಟ್ಟೇ ಕ್ಷೇಮ. ಹಿಂದಿನಿಂದ ಬಿಸಿಗಾಳಿ ಹೊರಡುವುದರಿಂದ ಗೋಡೆಗೆ ಒತ್ತಿ ಇಡುವಂತೆಯೂ ಇಲ್ಲ.

ನಮ್ಮ ಅಡುಗೆಗಳೆಲ್ಲ ಇದಕ್ಕೆ ಒಗ್ಗವು. ಗೋಳಿಬಜೆಯ ಹಿಟ್ಟು ಕಾದ ಎಣ್ಣೆಗೆ ಬಿದ್ದ ಕ್ಷಣ ಗಟ್ಟಿಯಾಗಿ ಉಂಡೆಗಟ್ಟಬೇಕು. ಬುಟ್ಟಿಯಲ್ಲಿ ಅದು ಸೋರಿಹೋಗುತ್ತದೆ. ಆದರೆ ಆವಿಯಲ್ಲಿ ಬೆಂದ ಪತ್ರೊಡೆಯ ಹೋಳುಗಳಿಗೆ ಎಣ್ಣೆ ಸವರಿಟ್ಟರೆ ಅಂಚು ಗರಿಯಾಗುತ್ತದೆ. ಮಸಾಲೆ ಹಚ್ಚಿದ ಬಂಗುಡೆ ತನ್ನ ಕೊಬ್ಬಿನಲ್ಲೇ ಹದವಾಗಿ ಬೇಯುತ್ತದೆ. ಮೀನಿನ ವಾಸನೆಗೆ ಬಾಗಿಲು ಮುಚ್ಚುವ, ಮಾಂಸಾಹಾರಿಗಳಿಗೆ ಮನೆ ಬಾಡಿಗೆಗೆ ಕೊಡಲೊಪ್ಪದ ಕಟ್ಟಡಗಳು ಈ ನಗರದಲ್ಲಿರುವಾಗ, ಎಣ್ಣೆಯ ಹೊಗೆ ಏಳದಿರುವುದು ಸಣ್ಣ ನೆಮ್ಮದಿಯಲ್ಲ. ಆದರೆ ವಾಸನೆ ಪೂರ್ತಿ ಅಡಗದು; ತನ್ನ ಮನೆಯಲ್ಲಿ ತನ್ನ ಊಟವನ್ನು ಅಡಗಿಸಿ ಬೇಯಿಸಬೇಕಾದ ಸ್ಥಿತಿಗೆ ಯಂತ್ರದಲ್ಲಿ ಪರಿಹಾರವೂ ಇಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಬಿಡಿಡಿ ಚಾಳುಗಳ ಪುನರ್ನಿರ್ಮಾಣದಲ್ಲಿ 160 ಚದರ ಅಡಿಯ ಕೋಣೆಗೆ ಬದಲಾಗಿ 500 ಚದರ ಅಡಿಯ ಮನೆ ದೊರೆಯುತ್ತಿದೆ. ಮನೆ ಹಿಗ್ಗಿತು, ಪಾತ್ರೆ ಮಾತ್ರ ಕುಗ್ಗಿತು. ಪುಟ್ಟ ಏರ್ ಫ್ರೈಯರಿನ ಬುಟ್ಟಿಯಲ್ಲಿ ಹಿಡಿಯುವುದು ಮೂರು ನಾಲ್ಕು ಬಂಗುಡೆ, ಅಂದರೆ ಇಬ್ಬರ ಊಟ. ದೀಪಾವಳಿಗೆ ಚಾಳಿನ ಕಿರುಕೋಣೆಯಲ್ಲಿ ದೊಡ್ಡ ಬಾಣಲೆಯಿಟ್ಟು ಚಕ್ಕುಲಿ ಕರಿದು, ತಟ್ಟೆಯಲ್ಲಿ ಅಕ್ಕಪಕ್ಕದ ಮರಾಠಿ, ತೆಲುಗು ಮನೆಗಳಿಗೆ ಹಂಚುತ್ತಿದ್ದವರು ಅಷ್ಟೇ ಬೇಯಿಸಿದವರಲ್ಲ.

ಹೊಗೆಯಿಂದ, ಸೆಕೆಯಿಂದ ನಮ್ಮ ತಾಯಂದಿರು ಪಟ್ಟ ಪಾಡನ್ನು ಬಲ್ಲ ನಾವು ಈ ಯಂತ್ರವನ್ನು ಹಳಿಯಲಾರೆವು. ಹಬ್ಬದ ದಿನ ಅದನ್ನು ಬದಿಗೆ ಸರಿಸಿ ಬಾಣಲೆ ಇಳಿಸುವಷ್ಟು ಜಾಗವೂ, ಪಕ್ಕದ ಬಾಗಿಲಿಗೆ ತಟ್ಟೆ ಒಯ್ಯುವ ರೂಢಿಯೂ ಉಳಿಯಲಿ ಎಂಬುದಷ್ಟೇ ನಮ್ಮ ಆಸೆ.