ಸೋವಿನ ಪಾಲು

ಜೂನ್ 7-8 ಬಂತೆಂದರೆ ನಮ್ಮ ನೌಪಾಡಾದ ತರಕಾರಿ ಮಾರುವವರಿಂದ ಹಿಡಿದು ಸೊಸೈಟಿಯ ವಾಚ್‌ಮನ್‌ವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಮೃಗ್ ಲಾಗ್ಲಾ’. ಮೃಗಶಿರಾ ಮಳೆ ಹಿಡಿಯಿತು ಅಂತ ಅರ್ಥ. ಸೂರ್ಯ ಆ ನಕ್ಷತ್ರದಲ್ಲೇ ಇರುವುದರಿಂದ ಆಗ ಅದು ರಾತ್ರಿ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಚಳಿಗಾಲದಲ್ಲಿ. ಸಾಲಾಗಿರುವ ಮೂರು ಚುಕ್ಕೆ ಬಾಣವಂತೆ, ಆ ಬಾಣ ಬಿಟ್ಟ ವ್ಯಾಧ ಹಿಂದೆ ಫಳಫಳ ಹೊಳೆಯುತ್ತಾ ಇರುತ್ತಾನೆ. ಅಂದರೆ ನಮ್ಮ ಹಿರಿಯರು ಆಕಾಶದಲ್ಲೂ ಒಂದು ಜಿಂಕೆ ಬೇಟೆ ನಡೆಸಿದ್ದಾರೆ. ಮೃಗ ಅಂದರೆ ಪ್ರಾಣಿ, ಮೃಗ ಅಂದರೆ ಜಿಂಕೆಯೂ ಹೌದು. ನಮ್ಮ ಮಲೆನಾಡಿನ ಬಾಯಲ್ಲಿ ಅದು ‘ಮಿಗ’. ಇಂಗ್ಲಿಷಿನ ‘ಡಿಯರ್’ ಕೂಡ ಮೊದಲು ಬರೀ ಪ್ರಾಣಿ ಎಂಬ ಅರ್ಥದಲ್ಲಿತ್ತು, ಆಮೇಲೆ ಜಿಂಕೆಗೆ ಅಂಟಿಕೊಂಡಿತು. ಎಲ್ಲ ಕಡೆಯೂ ಪ್ರಾಣಿ ಎಂದರೆ ಜನರಿಗೆ ಮೊದಲು ನೆನಪಾದದ್ದು ತಿನ್ನುವ ಪ್ರಾಣಿ ಇರಬೇಕು!

ಕನ್ನಡ ನಾಡಿನಲ್ಲಿ ಬೇಟೆಗೆ ದೊಡ್ಡ ಚರಿತ್ರೆಯೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 949ರ ಶಾಸನ ಮಣಲೇರನ ‘ಕಾಳಿ’ ಎಂಬ ನಾಯಿಯದು. ಹಂದಿಯ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತ ನಾಯಿಗೆ ಕಲ್ಲು ನೆಡಿಸಿದ್ದಾರೆ. 12ನೇ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿಗೆ ಜಿಂಕೆ ಬೇಟೆಯನ್ನೂ ಸೇರಿಸಿದ. ಅವನು ಕಲ್ಯಾಣದ ಚಾಲುಕ್ಯ ಎಂದಾಗ ಇಲ್ಲಿನ ಗೆಳೆಯರೊಬ್ಬರು ‘ನಮ್ಮ ಕಲ್ಯಾಣ್ ಜಂಕ್ಷನ್ನಾ?’ ಎಂದು ಕೇಳಿದ್ದರು. ಅಲ್ಲ ಮಹಾರಾಯರೇ, ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ.

ಆದರೆ ಕಲ್ಲಿನಲ್ಲೂ ಪುಸ್ತಕದಲ್ಲೂ ಇರುವುದು ದೊಡ್ಡವರ ಬೇಟೆ. ಅಪ್ಪ ತನ್ನ ಮಗನನ್ನು ಮೊದಲ ಸಲ ಕಾಡಿಗೆ ಕರೆದುಕೊಂಡು ಹೋದದ್ದನ್ನು ಯಾರು ಬರೆದಿಡುತ್ತಾರೆ? ಅದು ಉಳಿದಿರುವುದು ಆಚಾರಗಳಲ್ಲಿ. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು-ಬಾಣ ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಾರೆ. ಕಣ್ಣು ಬಿಡುವ ಮೊದಲೇ ಬೇಟೆಗಾರ! ಸೆಪ್ಟೆಂಬರಿನ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ. ನಾಟಿ ಮುಗಿದು ಕೈ ಬಿಡುವಾದ ಕಾಲ. ಹಿಂದೆ ಅದರ ಬೆನ್ನಿಗೇ ಊರೆಲ್ಲ ಬೇಟೆಗೆ ಹೊರಡುತ್ತಿತ್ತು. ಈಗ ತೆಂಗಿನಕಾಯಿಗೆ ಗುರಿ ಇಡುತ್ತಾರೆ.

ನಮ್ಮದು ಕೊಪ್ಪ ತಾಲ್ಲೂಕು. ಅಲ್ಲಿ ಬಿಲ್ಲು-ಬಾಣದ ಶಾಸ್ತ್ರ ಇರಲಿಲ್ಲ. ಹುಡುಗ ದಿನಕ್ಕೆ ನಾಲ್ಕು ಮೈಲಿ ನಡೆದು ಶಾಲೆಗೆ ಹೋಗಿ ಬರಬಲ್ಲವನಾದರೆ ಸೋವಿಗೂ ಆಗುತ್ತಾನೆ, ಅಷ್ಟೇ ಲೆಕ್ಕ. ಸೋವು ಅಂದರೆ ಕಾಡಿನ ಒಂದು ಮಗ್ಗುಲಿಂದ ಕೂಗು ಹಾಕುತ್ತಾ ನಾಯಿಗಳ ಜತೆ ಹಳು ನುಗ್ಗಿ ಪ್ರಾಣಿಯನ್ನು ಎಬ್ಬಿಸುವುದು. ಇನ್ನೊಂದು ಮಗ್ಗುಲಲ್ಲಿ ಕೋವಿಯವರು ತಂತಮ್ಮ ಬಿಲ್ಲಿನಲ್ಲಿ ಕಾದು ಕೂತಿರುತ್ತಾರೆ. 1969ರ ಚಳಿಗಾಲದಲ್ಲಿ, ನನಗೆ 11 ವರ್ಷವಿದ್ದಾಗ, ಅಪ್ಪ ನನ್ನನ್ನು ಸೋವಿನವರ ಜತೆ ಬಿಡದೆ ತಮ್ಮ ಬಿಲ್ಲಿನಲ್ಲೇ ಕೂರಿಸಿಕೊಂಡರು. ಕೈಯಲ್ಲಿ ಕೇಪಿನ ಕೋವಿ. ಕೂರುವ ಮೊದಲು ಒಂದು ಚಿಟಿಕೆ ಬೂದಿ ಗಾಳಿಗೆ ಬಿಟ್ಟು ನೋಡಿದರು. ‘ನಾವು ಅದನ್ನು ನೋಡೋಕೆ ಮುಂಚೆ ಅದು ನಮ್ಮ ವಾಸನೆ ನೋಡ್ತದೆ’ ಅಂದರು. ಆಮೇಲೆ ಎರಡು ಗಂಟೆ ಮಾತೇ ಇಲ್ಲ. ಅಪ್ಪನ ಪಕ್ಕದಲ್ಲಿ ಅಷ್ಟು ಹೊತ್ತು ನಾನು ಕೂತದ್ದು ಅದೇ ಮೊದಲು. ಆ ಕಾಲದ ಅಪ್ಪಂದಿರು ಮಕ್ಕಳನ್ನು ಪಕ್ಕಕ್ಕೆ ಕರೆಯುತ್ತಿದ್ದದ್ದು ಹೊಡೆಯುವುದಕ್ಕೆ ಮಾತ್ರ ತಾನೆ!

ಬಂದದ್ದು ಕಾಡುಕುರಿ. ಹೆಸರಿಗೆ ಕುರಿ, ಜಾತಿಯಲ್ಲಿ ಜಿಂಕೆಯೇ. ಮೊದಲು ಹೆಣ್ಣು ಬಂತು. ಅಪ್ಪ ಕೋವಿ ಎತ್ತಲಿಲ್ಲ. ಹೆಣ್ಣು ಮಿಗಕ್ಕೆ ಈಡಿಲ್ಲ ಎನ್ನುವುದು ಅವರ ಕಟ್ಟಳೆ. ಊರಲ್ಲಿ ಎಲ್ಲರೂ ಹಾಗಿದ್ದರು ಎಂದರೆ ಸುಳ್ಳಾಗುತ್ತದೆ. ಹಿಂದೆ ಬಂದ ಗಂಡಿಗೆ ಈಡು ಬಿತ್ತು. ನಾವು ಹತ್ತಿರ ಹೋದಾಗ ಅದರ ಕಣ್ಣು ತೆರೆದೇ ಇತ್ತು. ನಾನು ಅಳಲಿಲ್ಲ, ಆದರೆ ಅದನ್ನು ಮುಟ್ಟಲು ಆಗಲಿಲ್ಲ. ಅಪ್ಪ ನನ್ನ ಕೈ ಹಿಡಿದು ಅದರ ಕುತ್ತಿಗೆಯ ಮೇಲೆ ಇರಿಸಿದರು. ಬಿಸಿ ಇತ್ತು. ‘ತಿನ್ನುವವನು ಮುಟ್ಟಬೇಕು’ ಎಂದರು.

ಬ್ಯಾಂಕಿನವನಾದ ನನಗೆ ಈಗ ಹೆಚ್ಚು ನೆನಪಾಗುವುದು ಪಾಲು ಹಾಕಿದ ರೀತಿ. ಈಡು ಹೊಡೆದವನಿಗೆ ತಲೆ ಮತ್ತು ಒಂದು ತೊಡೆ. ಉಳಿದದ್ದನ್ನು ಬಾಳೆಲೆಯ ಮೇಲೆ ಸಮ ಸಮ ಗುಡ್ಡೆ ಮಾಡಿ ಸೋವಿನವರಿಗೆಲ್ಲ ಒಂದೊಂದು. ನಾಯಿಗಳಿಗೂ ಪಾಲುಂಟು. ಗದ್ದೆಯಲ್ಲಿ ಒಡೆಯ, ಒಕ್ಕಲು ಎಂಬ ಭೇದ ಎಷ್ಟಿದ್ದರೂ ಸೋವಿನ ಪಾಲಿನಲ್ಲಿ ತಕ್ಕಡಿ ನೆಟ್ಟಗಿರುತ್ತಿತ್ತು. ಅಂದು ನನ್ನ ಹೆಸರಿಗೂ ಒಂದು ಗುಡ್ಡೆ ಬಿತ್ತು. ನನ್ನ ಮೊದಲ ಸಂಪಾದನೆ ಅದು.

ಅದಾಗಿ ಮೂರೇ ವರ್ಷಕ್ಕೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನಿನ ಸಂರಕ್ಷಣೆಗೆ 1901ರಲ್ಲೇ ಕಾನೂನು ಮಾಡಿದ್ದರು. ನಮ್ಮೂರಿಗೆ ಅದು ತಲುಪಿದ ಹಾಗೆ ಕಾಣೆ. 1972ರ ಕಾಯಿದೆಯೂ ಮೊದಲಿಗೆ ಲೈಸೆನ್ಸಿನ ಮೇಲೆ ಕೆಲವು ಬೇಟೆಗೆ ದಾರಿ ಬಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಕಾನೂನು ಬಂದದ್ದು ಸರಿಯೇ. ಸ್ವಾತಂತ್ರ್ಯದ ನಂತರ ಜೀಪು, ಕಣ್ಣು ಕುಕ್ಕುವ ಲೈಟು, ತೋಟಾ ಕೋವಿ ಮೂರೂ ಒಟ್ಟಿಗೆ ಕಾಡು ಹೊಕ್ಕವು. ರಾತ್ರಿ ಬೆಳಕಿಗೆ ಬೆರಗಾಗಿ ನಿಂತ ಜಿಂಕೆಯನ್ನು ಜೀಪಿನಿಂದ ಇಳಿಯದೆ ಹೊಡೆಯುವವನಿಗೆ ಹೆಣ್ಣೇನು, ಗಂಡೇನು. ಅಪ್ಪನ ಬೂದಿಯ ಚಿಟಿಕೆ ಆ ಜೀಪಿನೆದುರು ಯಾವ ಲೆಕ್ಕ? ಆದರೆ ಕಾನೂನು ಇಬ್ಬರನ್ನೂ ಒಂದೇ ಕಾಲಂನಲ್ಲಿ ಬರೆಯಿತು. ಹಾಗೆ ಬರೆಯದೆ ಅದಕ್ಕೆ ಬೇರೆ ದಾರಿಯೂ ಇರಲಿಲ್ಲ.

ಕೋವಿ ಮಾತ್ರ ಉಳಿಯಿತು, ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕು. (ಪೊಲೀಸ್ ಠಾಣೆ ಮಾರಾಯರೇ, ನಮ್ಮ ಠಾಣೆಯಲ್ಲ.) ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲೂ ಕೋವಿ ಇದೆ, ಬೇಟೆ ಇಲ್ಲ. ಬೇಟೆ ಪುಸ್ತಕ ಸೇರಿತು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಓದಿದವರಿಗೆ ಆ ಕಾಡಿನ ರುಚಿ ಗೊತ್ತು. ಅವರ ಮಗ ತೇಜಸ್ವಿ ಕೆನೆತ್ ಆಂಡರ್ಸನ್ನನ ಬೇಟೆಯ ಕತೆಗಳನ್ನು ಕನ್ನಡಕ್ಕೆ ತಂದರು. ಬೆಂಗಳೂರಿನ ಆ ಆಂಡರ್ಸನ್ (1910-1974) ತನ್ನ ಮಗ ಡೊನಾಲ್ಡನಿಗೂ ಕಾಡು ಹಿಡಿಸಿದವನು. ಡೊನಾಲ್ಡ್ 2014ರಲ್ಲಿ ತೀರಿಕೊಂಡ. 2018ರಲ್ಲಿ ಬಂದ ಅವನ ನೆನಪುಗಳ ಪುಸ್ತಕಕ್ಕೆ ‘ಕೊನೆಯ ಬಿಳಿ ಬೇಟೆಗಾರ’ ಎಂಬರ್ಥದ ಹೆಸರು. ಹೆಸರಿಲ್ಲದ ಕೊನೆಯ ಕರಿ ಬೇಟೆಗಾರರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಹೋದರೋ!

ಅಮೆರಿಕದಲ್ಲಿ ಇದು ಇನ್ನೂ ನಡೆಯುತ್ತಿದೆ. ಪೆನ್ಸಿಲ್ವೇನಿಯಾದಲ್ಲಿ 12 ವರ್ಷಕ್ಕೆ ಹುಡುಗ ಹುಡುಗಿಯರಿಗೆ ಬೇಟೆಯ ಲೈಸೆನ್ಸು ಸಿಗುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರು ಸೋಮವಾರ ಜಿಂಕೆ ಬೇಟೆ ಶುರುವಾಗುತ್ತಿದ್ದುದರಿಂದ ಎಷ್ಟೋ ಶಾಲೆಗಳು ಆ ದಿನ ರಜೆ ಕೊಟ್ಟವು. 2019ರಿಂದ ಶುರು ಶನಿವಾರವಾಗಿದೆ. ಅಲ್ಲಿ ಜಿಂಕೆ ಹೆಚ್ಚಾಗಿದೆ, ಲೆಕ್ಕ ಇಟ್ಟು ಹೊಡೆಯುತ್ತಾರೆ. ನಮ್ಮಲ್ಲಿ ಆ ಲೆಕ್ಕ ಇಡುವವರು ಯಾರು?

1986ರಲ್ಲಿ ವರ್ಗವಾಗಿ ಬಂದು ನಾನು ಇಲ್ಲೇ ನಿಂತೆ. ನನ್ನ ಮಗಳಿಗೆ ಸೋವು ಎಂಬ ಮಾತೇ ಗೊತ್ತಿಲ್ಲ. ಅವಳು ಕಲಿತದ್ದು ಲೋಕಲ್ ರೈಲಿನಲ್ಲಿ ಯಾವ ಸ್ಟೇಷನ್ನಿಗೆ ಯಾವ ಬಾಗಿಲಿನ ಕಡೆ ಸರಿಯಬೇಕು ಎಂಬುದನ್ನು. ಅದೂ ಒಂದು ವಿದ್ಯೆಯೇ. ಆದರೆ ಕಾಡು ನಮ್ಮಿಂದ ದೂರವಿಲ್ಲ. ಯೇವೂರು ಗುಡ್ಡ ಹತ್ತಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಅಲ್ಲಿ ಜಿಂಕೆಯಿದೆ, ಅದನ್ನು ತಿನ್ನುವ ಚಿರತೆಯಿದೆ. 2019ರ ಫೆಬ್ರವರಿಯಲ್ಲಿ ಒಂದು ಚಿರತೆ ಠಾಣೆಯ ಮಾಲ್‌ಗೇ ಬಂದಿತ್ತು.

ಕಳೆದ ಡಿಸೆಂಬರಿನಲ್ಲಿ 11 ವರ್ಷದ ಮೊಮ್ಮಗನನ್ನು ಬೆಳಿಗ್ಗೆ ಯೇವೂರಿಗೆ ಕರೆದುಕೊಂಡು ಹೋದೆ. ಬೂದಿ ಎಲ್ಲಿಂದ ತರಲಿ, ಜೇಬಿನಲ್ಲಿದ್ದ ಟಾಲ್ಕಂ ಪೌಡರ್ ಚಿಟಿಕೆ ಬಿಟ್ಟು ಗಾಳಿ ತೋರಿಸಿದೆ. ಗಾಳಿಗೆದುರಾಗಿ ಮುಕ್ಕಾಲು ಗಂಟೆ ಮಾತಿಲ್ಲದೆ ಕೂತೆವು. ಆಮೇಲೆ ಬಿದಿರಿನ ಮರೆಯಿಂದ ಒಂದು ಜಿಂಕೆ ಬಂತು, ಹಿಂದೆ ಮರಿ. ಹುಡುಗ ಮೊಬೈಲು ಎತ್ತಲು ಹೋದವನು ಯಾಕೋ ಬಿಟ್ಟ. ಅದು ಹೋದ ಮೇಲೆ ‘ಅಜ್ಜ, ಅದರ ವಾಸನೆ ನಮಗೆ ಬಂತಲ್ಲ’ ಎಂದ.